ಕಾರವಾರದ ಮನೆಯಲ್ಲಿ ಸರ್ವರ್: ಕೇಬಲ್ ಲೈನು, ಕರೆಂಟು, ಮಳೆಗಾಲ

ಕೇಬಲ್ ಇಂಟರ್‌ನೆಟ್ ಹಾಕುವಾಗ ಆಪರೇಟರ್ ಹೇಳುವ 100 ಎಂಬಿಪಿಎಸ್ ಡೌನ್‌ಲೋಡಿನ ಲೆಕ್ಕ. ಮನೆಯಲ್ಲಿ ಸರ್ವರ್, ಅಂದರೆ ಹೊರಗಿನವರು ನೆಟ್ ಮೂಲಕ ತೆರೆಯಬಹುದಾದ ಕಡತಗಳ ಕಂಪ್ಯೂಟರ್ ಇಡುವವರಿಗೆ ಬೇಕಾದದ್ದು ಅಪ್‌ಲೋಡ್. ಮುಂಬೈಯಲ್ಲಿರುವ ಅಣ್ಣ ಕಾರವಾರದ ಮನೆಯ ಡಿಸ್ಕಿನಲ್ಲಿರುವ ಫೋಟೊ ತೆರೆದರೆ ಆ ಫೋಟೊ ಇಲ್ಲಿಂದ ಹೊರಗೆ ಹೋಗಬೇಕಲ್ಲ, ಆ ದಾರಿ ಎಷ್ಟು ಅಗಲ ಇದೆ ಅನ್ನುವುದೇ ಮೊದಲ ಪ್ರಶ್ನೆ. ಕೋಆಕ್ಸ್, ಅಂದರೆ ಟಿವಿಗೆ ಬರುವ ದಪ್ಪ ಕೇಬಲ್ಲಿನ ಲೈನುಗಳಲ್ಲಿ 100ಕ್ಕೆ ಎದುರಾಗಿ 5, ಹೆಚ್ಚೆಂದರೆ 10 ಸಿಗುವುದು ಸಾಮಾನ್ಯ. ನಮ್ಮ ಲೈನೂ ಇದೇ ಜಾತಿಯದು. ಅದರ ಮೇಲೆ ಮನೆಯವರ ಫೋಟೊ, ಕಾಗದಪತ್ರ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಯಕ್ಷಗಾನದ ಆಟಗಳು, ಇಷ್ಟನ್ನು ಊರು ಬಿಟ್ಟು ಹೋದವರಿಗೆ ತಲುಪಿಸುವ ಕೆಲಸ ನಡೆದಿದೆ. ಯಂತ್ರದ ಬಗ್ಗೆ ಇಲ್ಲಿ ಬರೆಯುವುದು ಕಡಿಮೆ. ಈ ಕರಾವಳಿಯಲ್ಲಿ ಸರ್ವರ್ ನಿಂತುಹೋಗುವುದು ಹೆಚ್ಚಾಗಿ ಕಂಬದಿಂದ ಮೋಡೆಮ್‌ವರೆಗಿನ ತಂತಿಯಿಂದ, ಕರೆಂಟಿನಿಂದ, ಇಲ್ಲವೇ ಆಪರೇಟರ್ ಕೊಟ್ಟ ಐಪಿ ವಿಳಾಸದಿಂದ. ದುಡ್ಡನ್ನೂ ಸಮಯವನ್ನೂ ಮೊದಲು ಅಲ್ಲಿ ಹಾಕಬೇಕು.

ಎಂಬಿಪಿಎಸ್ ಬಿಟ್ಟಿನ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾಗಿ 5 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 0.6 ಎಂಬಿಗಿಂತ ತುಸು ಹೆಚ್ಚು, ಗಂಟೆಗೆ ಎರಡೂಕಾಲು ಜಿಬಿ. ಫೋನಿನಲ್ಲಿ ತೆಗೆದ 4 ಎಂಬಿಯ ಫೋಟೊ ಮೂಲ ಗಾತ್ರದಲ್ಲಿ ತೆರೆದುಕೊಳ್ಳಲು ಆರೇಳು ಸೆಕೆಂಡು ಬೇಕು; ಚಿಕ್ಕ ಗಾತ್ರದ ಪ್ರತಿಗಳನ್ನು ಸರ್ವರ್ ಮೊದಲೇ ಮಾಡಿಟ್ಟಿದ್ದರೆ ಪುಟ ತಕ್ಷಣ ಬರುತ್ತದೆ. ಆಡಿಯೊ ತೀರಾ ಹಗುರ. ರಾತ್ರಿಯಿಡೀ ನಡೆದ ಆಟ ಎಂಟು ಗಂಟೆಯದಾದರೆ 128 ಕೆಬಿಪಿಎಸ್ ಎಂಪಿ3ಯಲ್ಲಿ 460 ಎಂಬಿ ಆಗುತ್ತದೆ, ಐದು ಮಂದಿ ಒಟ್ಟಿಗೆ ಕೇಳಿದರೂ 640 ಕೆಬಿಪಿಎಸ್ ಸಾಕು. ವಿಡಿಯೊದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಕು. 8 ಎಂಬಿಪಿಎಸ್‌ನ 1080ಪಿ ವಿಡಿಯೊ ಇಂಥ ಲೈನಿನಲ್ಲಿ ಹೊರಗೆ ಹೋಗುವುದೇ ಇಲ್ಲ. 2 ಎಂಬಿಪಿಎಸ್‌ಗೆ ಇಳಿಸಿದ 720ಪಿ ಆದರೆ ಇಬ್ಬರು ಒಟ್ಟಿಗೆ ನೋಡಬಹುದು.

ಅಳೆಯುವಾಗ ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರ ಈಥರ್‌ನೆಟ್ ತಂತಿ ಹಾಕಬೇಕು. ಚಿರೆಕಲ್ಲಿನ ಗೋಡೆ ದಾಟಿ ಬಂದ ವೈಫೈಯಲ್ಲಿ ಅಳೆದರೆ ಸಿಗುವುದು ಗೋಡೆಯ ಲೆಕ್ಕ. ಬೆಳಗಿನ ಜಾವ ಒಮ್ಮೆ, ರಾತ್ರಿ ಎಂಟರಿಂದ ಹತ್ತರೊಳಗೆ ಇನ್ನೊಮ್ಮೆ ಅಳೆಯಿರಿ. ಕೋಆಕ್ಸ್‌ನಲ್ಲಿ ಇಡೀ ಕೇರಿಯ ಮನೆಗಳು ಒಂದೇ ದಾರಿ ಹಂಚಿಕೊಳ್ಳುವುದರಿಂದ ಎರಡರ ನಡುವೆ ಅಂತರ ಇದ್ದೇ ಇರುತ್ತದೆ. ನಂಬಬೇಕಾದದ್ದು ರಾತ್ರಿಯ ಅಂಕಿ.

ಕೇಬಲ್ ನೆಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತು ಮನೆಗೆ ಬರುತ್ತವೆ. ದಪ್ಪ ಕಪ್ಪು ತಂತಿ ತಿರುಪಿನ ಕನೆಕ್ಟರಿನಲ್ಲಿ ಮೋಡೆಮ್‌ಗೆ ಸೇರಿದ್ದರೆ ಅದು ಕೋಆಕ್ಸ್. ಕಂಬದ ಡಬ್ಬಿಯಲ್ಲಿರುವ ಸ್ವಿಚ್ಚಿನಿಂದ ಬರೀ ಲ್ಯಾನ್ ತಂತಿ ಬಂದಿದ್ದರೆ ಅದು ಎರಡನೆಯದು, ಸಿಡಿಲಿಗೆ ಅತ್ಯಂತ ಹೆದರಬೇಕಾದದ್ದು. ಹಸಿರು ತುದಿಯ ತೆಳು ಎಳೆ ಓಎನ್‌ಯು ಎಂಬ, ಮೋಡೆಮ್‌ನಂಥ ಡಬ್ಬಿಗೆ ಹೋಗಿದ್ದರೆ ಫೈಬರ್. ಫೈಬರ್ ಸಿಗುವ ಕೇರಿಯಲ್ಲಿದ್ದರೆ ಮರುಯೋಚನೆ ಮಾಡದೆ ಅದನ್ನೇ ಹಾಕಿಸಿ. ಮನೆಗಳಿಗೆ ಕೊಡುವ ಜಿಪಾನ್ ಬಗೆಯ ಫೈಬರ್‌ನಲ್ಲಿ ಆಪರೇಟರ್ ಕಚೇರಿಯಿಂದ ಮನೆವರೆಗೆ ಕರೆಂಟು ಬೇಕಾಗುವ ಉಪಕರಣವೇ ಇರುವುದಿಲ್ಲ, ಅಪ್‌ಲೋಡೂ ಧಾರಾಳ. ಬ್ರೌಸರಿನಲ್ಲಿ ತೆರೆಯುವ ಓಎನ್‌ಯುವಿನ ಪುಟದಲ್ಲಿ ಒಳಬರುವ ಬೆಳಕಿನ ಬಲ ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗಿರಬೇಕು. ಮೈನಸ್ 25ಕ್ಕಿಂತ ಕೆಳಗಿಳಿದಿದ್ದರೆ ಮಳೆಗಾಲಕ್ಕೆ ಮುಂಚೆ ಜೋಡಣೆ ಸರಿ ಮಾಡಿಸಿಕೊಳ್ಳುವುದು ಕ್ಷೇಮ. ಕೋಡಿಬಾಗ, ನಂದನಗದ್ದಾದಂಥ ಕಡೆ ಹಳೆಯ ಒಳಕೇರಿಗಳಲ್ಲಿ ಟಿವಿಗೆಂದು ಎಳೆದ ಕೋಆಕ್ಸ್ ಒಂದೇ ಇದ್ದರೆ ಮುಂದಿನ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಕೋಆಕ್ಸ್ ಲೈನಿನ ರೋಗ ಗೊತ್ತಾಗುವುದು ಮೋಡೆಮ್‌ನ ಸ್ವಂತ ಪುಟದಲ್ಲಿ. ಬ್ರೌಸರಿನಲ್ಲಿ 192.168.100.1 ಹಾಕಿದರೆ ಹೆಚ್ಚಿನ ಕೇಬಲ್ ಮೋಡೆಮ್‌ಗಳ ಪುಟ ತೆರೆಯುತ್ತದೆ. ಡೌನ್‌ಸ್ಟ್ರೀಮ್ ಪವರ್ (ಒಳಬರುವ ಸಿಗ್ನಲ್ಲಿನ ಬಲ) ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ ಒಳಗೆ, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ) 33 ಡಿಬಿಗಿಂತ ಮೇಲೆ ಇದ್ದರೆ ಒಳಬರುವ ದಾರಿ ಸರಿ. ಸರ್ವರ್ ಇಟ್ಟವರು ಕಣ್ಣಿಡಬೇಕಾದದ್ದು ಅಪ್‌ಸ್ಟ್ರೀಮ್ ಪವರ್ ಮೇಲೆ. ಇದು ಮೋಡೆಮ್ ಎಷ್ಟು ಜೋರಾಗಿ ಕೂಗಿದರೆ ಆಪರೇಟರ್ ತುದಿಗೆ ಕೇಳಿಸುತ್ತದೆ ಅನ್ನುವ ಅಂಕಿ. 38ರಿಂದ 48 ಡಿಬಿಎಂವಿ ಆರೋಗ್ಯಕರ. 50 ದಾಟಿತೆಂದರೆ ನಡುವೆ ಎಲ್ಲೋ ಸಿಗ್ನಲ್ ಸೋರುತ್ತಿದೆ, ಮೋಡೆಮ್ ಗಂಟಲು ಹರಿದುಕೊಳ್ಳುತ್ತಿದೆ. ಅದೇ ಪುಟದ ಲಾಗ್‌ನಲ್ಲಿ ಟಿ3 ಟೈಮ್‌ಔಟ್ ಎಂಬ ಸಾಲು ಮತ್ತೆ ಮತ್ತೆ ಕಂಡರೆ ಮೋಡೆಮ್ ಕೂಗಿದ್ದಕ್ಕೆ ಉತ್ತರ ಬಂದಿಲ್ಲ ಎಂದು ಅರ್ಥ.

ದೂರು ಕೊಟ್ಟಾಗ ಬರುವ ಲೈನ್‌ಮನ್ ಜೊತೆ ಈ ಮಾತು ಎಲ್ಲರಿಗೂ ಆಗಿರುತ್ತದೆ.

“ಟಿವಿ ಬರ್ತದಲ್ಲ ಸರ್? ಟಿವಿ ಬಂದ್ರೆ ಲೈನ್ ಸರಿ ಇದೆ ಅಂತಲೇ.”

“ಟಿವಿ ಬರೋದು ಮೇಲಿನ ಫ್ರೀಕ್ವೆನ್ಸಿಯಲ್ಲಿ ಅಣ್ಣಾ. ನಮ್ಮ ಅಪ್‌ಲೋಡ್ ಹೋಗೋದು ಕೆಳಗಿನದ್ರಲ್ಲಿ. ಈ ನಂಬರ್ ಒಂದ್ಸಲ ನೋಡಿ, 52 ತೋರಿಸ್ತಾ ಇದೆ.”

ಮೋಡೆಮ್‌ನಿಂದ ಹೊರಡುವ ಸಂಕೇತ 5ರಿಂದ 42 ಮೆಗಾಹರ್ಟ್ಸ್, ಕೆಲವು ಜಾಲಗಳಲ್ಲಿ 65 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಹೋಗುತ್ತದೆ. ಟಿವಿಯೂ ಡೌನ್‌ಲೋಡೂ ಬರುವುದು ಅದಕ್ಕಿಂತ ಮೇಲೆ. ನೀರೆತ್ತುವ ಪಂಪು, ಮಿಕ್ಸರ್, ಕೆಟ್ಟ ಚೋಕಿನ ಟ್ಯೂಬ್‌ಲೈಟು ಇವೆಲ್ಲ ಎಬ್ಬಿಸುವ ಗದ್ದಲ ಬೀಳುವುದು ಈ ಕೆಳಗಿನ ಪಟ್ಟಿಗೇ. ಸಡಿಲ ಕನೆಕ್ಟರ್ ಇರುವ ಪ್ರತಿ ಮನೆಯಿಂದಲೂ ಆ ಗದ್ದಲ ಒಳನುಗ್ಗಿ, ಎಲ್ಲ ಮನೆಯದೂ ಕೂಡಿಕೊಂಡು ಆಪರೇಟರ್ ತುದಿಗೆ ಹೋಗುತ್ತದೆ. ಹಾಗಾಗಿ ನಮ್ಮ ಅಪ್‌ಲೋಡ್ ಕೆಡಿಸುತ್ತಿರುವ ಕನೆಕ್ಟರ್ ಪಕ್ಕದ ಮನೆಯದೂ ಆಗಿರಬಹುದು. ಅಂಕಿ ತೋರಿಸಿ ಮಾತಾಡಿದರೆ ಲೈನ್‌ಮನ್‌ಗೂ ಹುಡುಕುವುದು ಸುಲಭ. ಈ ಜಾಲವನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರು. ಯಾವ ಕಂಬದಲ್ಲಿ ಹೋದ ಮಳೆಗಾಲದಲ್ಲಿ ಜಾಯಿಂಟ್ ಹಾಕಿದ್ದು ಎಂಬುದು ಅವರ ನೆನಪಿನಲ್ಲಿರುತ್ತದೆ.

ನಮ್ಮ ಕಡೆಯಿಂದ ಮಾಡಬಹುದಾದದ್ದು ಕಂಬದಿಂದ ಒಳಗಿನದು. ಹೊರಗಿನ ಕನೆಕ್ಟರ್ ಬಿಚ್ಚಿ ನೋಡಿ. ಕಡಲ ಗಾಳಿ ಹೊಡೆಯುವ ಮನೆಯಲ್ಲಿ ಎರಡು ಮಳೆಗಾಲ ಕಂಡ ಕನೆಕ್ಟರಿನ ಒಳಗೆ ನಡುವಿನ ಕಡ್ಡಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಹೊಳೆಯಬೇಕಾದ ಜಾಲರಿ ಕಪ್ಪಾಗಿರುತ್ತದೆ, ಹಾಲುಬಿಳಿ ಇರಬೇಕಾದ ನೊರೆಪದರದ ಮೇಲೆ ಕಂದು ಗೆರೆ ಬಿದ್ದಿರುತ್ತದೆ. ನೀರು ಜಾಲರಿಯ ಎಳೆಗುಂಟ ಒಳಗೆ ಏರಿರುತ್ತದಾದ್ದರಿಂದ ತುದಿಯನ್ನಷ್ಟೇ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೆ ಮುಂದಿನ ಮಳೆಗೆ ಅದೇ ಕಥೆ. ಜಾಲರಿ ಬೆಳ್ಳಗೆ ಹೊಳೆಯುವವರೆಗೂ ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು, ಒಂದು ಅಡಿ ಹೋದರೂ ಸರಿ. ತಂತಿ ಗಿಡ್ಡವಾದರೆ ಪೂರಾ ಹೊಸ ಆರ್‌ಜಿ-6 ಎಳೆಸಿ. ಟಿವಿ ಕಾಲದ ಆರ್‌ಜಿ-59 ಇದ್ದರೆ ಹೇಗೂ ಬದಲಿಸಬೇಕು. ಇಕ್ಕಳದಲ್ಲಿ ಹಿಸುಕಿ ಕೂರಿಸುವ ಕನೆಕ್ಟರ್ ಬೇಡ, ಕಂಪ್ರೆಶನ್ ಕನೆಕ್ಟರನ್ನೇ ಕೇಳಿ. ನಡುಕಡ್ಡಿ ಕನೆಕ್ಟರಿನ ಬಾಯಿಂದ ಸುಮಾರು 3 ಮಿಲಿಮೀಟರ್ ಹೊರಗಿರಬೇಕು. ಕೈಯಲ್ಲಿ ಬಿಗಿದ ಮೇಲೆ 11 ಮಿಲಿಮೀಟರ್ ಸ್ಪ್ಯಾನರಿನಲ್ಲಿ ಇನ್ನೊಂದು ಚೂರು ಬಿಗಿದು, ಅದರ ಮೇಲೆ ತನ್ನಷ್ಟಕ್ಕೇ ಒಂದಾಗುವ ರಬ್ಬರ್ ಟೇಪನ್ನು ಎಳೆದು ಎಳೆದು ಸುತ್ತಿ, ಬಿಸಿಲಿಗೆ ಅದು ಹಾಳಾಗದಂತೆ ಮೇಲೊಂದು ಕಪ್ಪು ಪಿವಿಸಿ ಟೇಪು. ತಂತಿ ಮನೆಯೊಳಗೆ ನುಗ್ಗುವ ತೂತಿನ ಮುಂಚೆ ಒಂದು ಜೋಲು ಬಿಡಬೇಕು. ಮಳೆನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಲಿ, ತಂತಿಗುಂಟ ಗೋಡೆಯೊಳಗೆ ಬರುವುದು ಬೇಡ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಈ ಜೋಲು ಇಲ್ಲದ ಲೈನು ಜೂನ್ ಮುಗಿಯುವುದರೊಳಗೆ ಕೈಕೊಡುತ್ತದೆ.

ಸ್ಪ್ಲಿಟರ್ ವಿಷಯ ಚಿಕ್ಕದು. ಎರಡು ಕವಲಿನದು ಪ್ರತಿ ಕವಲಿಗೆ 3.5 ಡಿಬಿ, ನಾಲ್ಕು ಕವಲಿನದು 7 ಡಿಬಿ ತಿನ್ನುತ್ತದೆ. ಮನೆಯೊಳಗೆ ಬಂದ ಕೂಡಲೆ ಒಂದೇ ಒಂದು ಎರಡು ಕವಲಿನ ಸ್ಪ್ಲಿಟರ್, ಒಂದು ಕವಲು ನೇರ ಮೋಡೆಮ್‌ಗೆ, ಇನ್ನೊಂದು ಟಿವಿ ಕಡೆಗೆ. ಮೇಲೆ 5-1000 ಮೆಗಾಹರ್ಟ್ಸ್ ಎಂದು ಬರೆದಿರಬೇಕು. 5ರಿಂದ ಶುರುವಾಗದ ಸ್ಪ್ಲಿಟರ್ ಅಪ್‌ಲೋಡಿನ ಕುತ್ತಿಗೆ ಹಿಸುಕುತ್ತದೆ.

ಲೈನು ಸರಿಯಾದ ಮೇಲೆ ಐಪಿ. ರೌಟರಿನ ಪುಟದಲ್ಲಿ ವ್ಯಾನ್ ಐಪಿ (ಆಪರೇಟರ್ ಕಡೆಯಿಂದ ರೌಟರಿಗೆ ಸಿಕ್ಕ ವಿಳಾಸ) ಏನಿದೆ ನೋಡಿ, ಹೊರಗಿನ ಯಾವುದಾದರೂ ತಾಣದಲ್ಲಿ ನಿಮ್ಮ ಐಪಿ ಏನು ಕಾಣುತ್ತದೆ ನೋಡಿ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದ ಕರೆಯನ್ನು ರೌಟರ್ ಸರ್ವರಿಗೆ ದಾಟಿಸುವಂತೆ ಇಟ್ಟು, ಸರ್ವರ್ ನಡೆಸಬಹುದು. ವಿಳಾಸ ಆಗಾಗ ಬದಲಾದರೂ ಹೊಸ ವಿಳಾಸವನ್ನು ಅದೇ ಹೆಸರಿಗೆ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಸಂಭಾಳಿಸುತ್ತದೆ. ವ್ಯಾನ್ ಐಪಿ 100.64ರಿಂದ 100.127ರ ನಡುವೆ, ಅಥವಾ 10ರಿಂದ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದು ಸಾರ್ವಜನಿಕ ವಿಳಾಸವನ್ನು ಆಪರೇಟರ್ ಹಲವು ಮನೆಗಳಿಗೆ ಹಂಚಿದ್ದಾರೆ, ಹೊರಗಿನಿಂದ ಬಂದ ಕರೆ ಯಾವ ಮನೆಗೆ ಎಂದು ಅವರ ಯಂತ್ರಕ್ಕೆ ತಿಳಿಯುವುದಿಲ್ಲ. ನಿಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಪ್ರಯೋಜನ ಇಲ್ಲ. ಈ 100.64.0.0/10 ಪಟ್ಟಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟದ್ದು.

ದಾರಿಗಳು ಕೆಲವಿವೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಸಾರ್ವಜನಿಕ ವಿಳಾಸ ಕೊಂಡರೆ ಎಲ್ಲಕ್ಕಿಂತ ಸರಳ, ಆದರೆ ಚಿಕ್ಕ ಆಪರೇಟರುಗಳು ಮನೆಯ ಪ್ಲ್ಯಾನಿಗೆ ಕೊಡುವುದು ಅಪರೂಪ. ಐಪಿವಿ6 ಎಂಬ ಹೊಸ ಬಗೆಯ ಉದ್ದದ ವಿಳಾಸ ಇದ್ದರೆ ಪ್ರತಿ ಯಂತ್ರಕ್ಕೂ ನೇರ ವಿಳಾಸ ಸಿಗುತ್ತದೆ. ನೋಡುವವರ ಕಡೆಯೂ ಐಪಿವಿ6 ಇರಬೇಕು. ಕ್ಲೌಡ್‌ಫ್ಲೇರ್ ಕಂಪನಿಯ ಯಂತ್ರಗಳ ಮೂಲಕ ದಾರಿ ಮಾಡುವ ಕ್ಲೌಡ್‌ಫ್ಲೇರ್ ಟನಲ್ ಹಾಕುವುದು ಸುಲಭ, ವೆಬ್ ಪುಟಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಉಚಿತ ಪ್ಲ್ಯಾನಿನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡ ಕಡತ ಮೇಲೇರುವುದಿಲ್ಲ. ವಿಡಿಯೊವನ್ನು ತುಂಡು ಮಾಡದೆ ಕಳಿಸುವ ಫೋಟೊ ಆ್ಯಪ್‌ಗಳು ಅಲ್ಲಿ ನಿಂತುಬಿಡುತ್ತವೆ, ಮನೆಯವರಿಗೆ ಕಾರಣವೂ ಗೊತ್ತಾಗುವುದಿಲ್ಲ. ಎನ್‌ಕ್ರಿಪ್ಶನ್ ಕೂಡ ಅವರ ತುದಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಮನೆಯ ನಾಲ್ಕೈದು ಫೋನುಗಳಿಗಷ್ಟೇ ಸಾಕೆಂದರೆ ಅವನ್ನೂ ಸರ್ವರನ್ನೂ ಒಂದು ಖಾಸಗಿ ಜಾಲದಲ್ಲಿ ಕೂಡಿಸುವ ಟೇಲ್‌ಸ್ಕೇಲ್ ಆ್ಯಪ್ ಹಾಕಿ, ಮುಂದಿನ ಎರಡು ಪ್ಯಾರಾ ಬಿಟ್ಟುಬಿಡಬಹುದು.

ನಾವು ನೆಚ್ಚಿಕೊಂಡದ್ದು ಎರಡು ಯಂತ್ರಗಳ ನಡುವೆ ಗುಪ್ತ ಸುರಂಗ, ಅಂದರೆ ಟನಲ್ ಕಟ್ಟುವ ವೈರ್‌ಗಾರ್ಡ್ ತಂತ್ರಾಂಶ, ಮತ್ತು ವಿಪಿಎಸ್, ಅಂದರೆ ಸಾರ್ವಜನಿಕ ವಿಳಾಸ ಇರುವ ಬಾಡಿಗೆಯ ಒಂದು ಚಿಕ್ಕ ಸರ್ವರ್. ಮುಂಬೈ ಇಲ್ಲವೇ ಬೆಂಗಳೂರಿನ ಡೇಟಾ ಸೆಂಟರಿನಲ್ಲಿರುವುದನ್ನೇ ಆರಿಸಿ. ಎಲ್ಲ ದಟ್ಟಣೆ ಅದರ ಮೂಲಕವೇ ಸುತ್ತುವುದರಿಂದ ದೂರದ ದೇಶದ ಅಗ್ಗದ ವಿಪಿಎಸ್ ಪ್ರತಿ ಕ್ಲಿಕ್ಕಿನಲ್ಲೂ ತಡ ಮಾಡುತ್ತದೆ. 1 ಜಿಬಿ ಮೆಮರಿಯದು ಸಾಕು. ಮನೆಯ ಸರ್ವರ್ ತಾನಾಗಿ ವಿಪಿಎಸ್‌ಗೆ ಯುಡಿಪಿ 51820ನೇ ಪೋರ್ಟಿನಲ್ಲಿ ಕರೆ ಮಾಡುತ್ತದೆ. ಒಳಗಿನಿಂದ ಹೊರಟ ಕರೆಗೆ ಸಿಜಿನ್ಯಾಟ್ ಅಡ್ಡಿ ಇಲ್ಲ. ಆದರೆ ಸುಮ್ಮನಿದ್ದ ಯುಡಿಪಿ ಜೋಡಣೆಯನ್ನು ಆಪರೇಟರ್ ಯಂತ್ರ ಬೇಗ ಮರೆತುಬಿಡುತ್ತದೆ, ಹಾಗಾಗಿ ಮನೆಯ ಬದಿಯಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸುಮ್ಮನಿದ್ದಾಗಲೂ ಆಗಾಗ ಕಳಿಸುವ ಪುಟ್ಟ ಸಂದೇಶ) 25 ಸೆಕೆಂಡು ಎಂದು ಬರೆಯಲೇಬೇಕು. ಇಲ್ಲದಿದ್ದರೆ ಹಗಲೆಲ್ಲ ಸರಿಯಿದ್ದ ಟನಲ್ ಯಾರೂ ಬಳಸದ ಹೊತ್ತಿನಲ್ಲಿ ಮುಚ್ಚಿಹೋಗಿ ಬೆಳಿಗ್ಗೆ ಹೊರಗಿನಿಂದ ತೆರೆಯುವುದಿಲ್ಲ. ವಿಪಿಎಸ್‌ನಲ್ಲಿ 443ನೇ ಪೋರ್ಟಿಗೆ ಬಂದದ್ದನ್ನು ಬಿಚ್ಚದೆ, ಹೆಸರು ನೋಡಿ ಹಾಗೇ ಟನಲ್ಲಿನೊಳಗೆ ದಾಟಿಸುವಂತೆ ಎಚ್‌ಎ ಪ್ರಾಕ್ಸಿ ತಂತ್ರಾಂಶ ಇಟ್ಟರೆ ತಾಣವನ್ನು ಎನ್‌ಕ್ರಿಪ್ಟ್ ಮಾಡಲು ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವೂ ಅದರ ಕೀಲಿಯೂ ಮನೆಯ ಸರ್ವರಿನ ಕ್ಯಾಡಿ ಎಂಬ ವೆಬ್ ತಂತ್ರಾಂಶದಲ್ಲೇ ಉಳಿಯುತ್ತವೆ. ಬಾಡಿಗೆ ಯಂತ್ರದಲ್ಲಿ ಮನೆಯವರ ಒಂದು ಫೋಟೊವೂ ಬಿಚ್ಚಿದ ರೂಪದಲ್ಲಿ ಇರುವುದಿಲ್ಲ.

ಇಲ್ಲಿ ಹೆಚ್ಚು ಜನರನ್ನು ಕಾಡುವುದು ಎಂಟಿಯು, ಅಂದರೆ ಒಂದು ಸಲಕ್ಕೆ ದಾಟಬಹುದಾದ ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಫೋಟೊ ಅರ್ಧಕ್ಕೆ ನಿಲ್ಲುತ್ತದೆ. ದೂರದಿಂದ ಆಜ್ಞೆ ಕೊಡುವ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗುತ್ತದೆ, ಉದ್ದದ ಪಟ್ಟಿ ಕೇಳಿದರೆ ಗಪ್ಪಾಗುತ್ತದೆ. ಸರ್ವರ್ ಮೇಲೆ ಅನುಮಾನಪಟ್ಟು ಎಲ್ಲವನ್ನೂ ಮರುಸ್ಥಾಪಿಸುವ ಮೊದಲು ಇದನ್ನು ನೋಡಿ. ಲೈನು ಪಿಪಿಪಿಒಇ (ರೌಟರಿನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆ) ಆಗಿದ್ದರೆ 1500 ಬೈಟಿನಲ್ಲಿ 8 ಅದಕ್ಕೇ ಹೋಗಿ 1492 ಉಳಿಯುತ್ತದೆ. ವೈರ್‌ಗಾರ್ಡ್ ಐಪಿವಿ4ರ ಮೇಲೆ ಹೋದರೆ 60, ಐಪಿವಿ6ರ ಮೇಲೆ ಹೋದರೆ 80 ಬೈಟ್ ತೆಗೆದುಕೊಳ್ಳುತ್ತದೆ. ಅದರ ಮಾಮೂಲಿ ಎಂಟಿಯು 1420 ಈ ಎರಡನೆಯ ಸಂದರ್ಭದಲ್ಲಿ ಹಿಡಿಸುವುದಿಲ್ಲ, 1412 ಹಾಕಬೇಕು. ಪರೀಕ್ಷಿಸಲು ತುಂಡು ಮಾಡಬಾರದೆಂಬ ಸೂಚನೆಯೊಡನೆ 1464 ಬೈಟಿನ ಪಿಂಗ್ (ತಲುಪಿತೇ ಎಂದು ಕೇಳುವ ಸಂದೇಶ) ಕಳಿಸಿ. ಅದಕ್ಕೆ ತಲೆಬರಹದ 28 ಬೈಟ್ ಸೇರಿ 1492 ಆಗುತ್ತದೆ. ಉತ್ತರ ಬರದಿದ್ದರೆ ಲೈನಿನಲ್ಲಿ ಇನ್ನೂ ಇಕ್ಕಟ್ಟಿದೆ, ಉತ್ತರ ಬರುವವರೆಗೂ ಹತ್ತತ್ತು ಇಳಿಸುತ್ತ ಬನ್ನಿ.

ಮೇಲ್ ಸರ್ವರ್ ಮಾತ್ರ ಮನೆಯ ಲೈನಿನಲ್ಲಿ ಬೇಡ. ಮೇಲ್ ಹೋಗುವ 25ನೇ ಪೋರ್ಟನ್ನು ಹೆಚ್ಚಿನ ಆಪರೇಟರುಗಳು ಮುಚ್ಚಿರುತ್ತಾರೆ, ಮನೆ ಲೈನಿನ ವಿಳಾಸಗಳು ಸ್ಪ್ಯಾಮ್‌ಹೌಸ್‌ನಂಥ ತಡೆಪಟ್ಟಿಗಳಲ್ಲಿ ಮೊದಲೇ ಇರುತ್ತವೆ. ಆಪರೇಟರಿನ ಅರ್ಜಿಯ ಷರತ್ತುಗಳನ್ನೂ ಓದಿಕೊಳ್ಳಿ. ಮನೆಯ ಪ್ಲ್ಯಾನಿನಲ್ಲಿ ವ್ಯಾಪಾರದ ಸರ್ವರ್ ಕೂಡದೆಂದು ಬರೆದಿರುವುದು ಸಾಮಾನ್ಯ, ಮನೆಯವರ ಬಳಕೆ ಬೇರೆ, ಅಂಗಡಿಯ ಆರ್ಡರು ತೆಗೆದುಕೊಳ್ಳುವ ತಾಣ ಬೇರೆ. ತಿಂಗಳ ಮಿತಿಯ ಭಯ ಅಷ್ಟಾಗಿ ಬೇಡ: 5 ಎಂಬಿಪಿಎಸ್ ಅಪ್‌ಲೋಡ್ ತಿಂಗಳಿಡೀ ಬಿಡದೆ ಓಡಿದರೂ 1600 ಜಿಬಿ ಚಿಲ್ಲರೆ ಆಗುವುದು, ದೊಡ್ಡ ಪ್ಲ್ಯಾನುಗಳ ಮಿತಿ ಸಾಮಾನ್ಯವಾಗಿ 3300 ಜಿಬಿ ಇರುತ್ತದೆ.

ಅಪ್‌ಲೋಡ್ ಚಿಕ್ಕದಾದ ಲೈನಿನಲ್ಲಿ ಮನೆಯವರ ಶಾಂತಿಗೆ ಬೇಕಾದದ್ದು ಸರದಿ ನಿರ್ವಹಣೆ. ಸರ್ವರ್ ಒಂದು ದೊಡ್ಡ ಕಡತ ಕಳಿಸಲು ಶುರುಮಾಡಿದರೆ ಮೋಡೆಮ್ ತನ್ನೊಳಗೆ ಉದ್ದದ ಸಾಲು ಕಟ್ಟಿಕೊಳ್ಳುತ್ತದೆ; 20 ಮಿಲಿಸೆಕೆಂಡಿನ ಪಿಂಗ್ ಅರ್ಧ ಸೆಕೆಂಡಿಗೆ ಏರಿ, ಆಚೆ ಕೋಣೆಯ ವಿಡಿಯೊ ಕರೆ ತುಂಡಾಗುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದ ರೌಟರಿನಲ್ಲಿ ಸರದಿ ನೋಡಿಕೊಳ್ಳುವ ಎಸ್‌ಕ್ಯೂಎಂ ಪ್ಯಾಕೇಜು ಸೇರಿಸಿ, ಅದರಲ್ಲಿ ಕೇಕ್ ಎಂಬ ವಿಧಾನ ಆರಿಸಿ, ರಾತ್ರಿ ಅಳೆದ ಅಪ್‌ಲೋಡಿನ ಶೇಕಡ 90 ಕೊಡಿ. 5000 ಕೆಬಿಪಿಎಸ್ ಇದ್ದರೆ 4500. ಸಾಲು ಮೋಡೆಮ್ ಬಿಟ್ಟು ರೌಟರಿಗೆ ಬರುತ್ತದೆ, ಅಲ್ಲಿ ಕೇಕ್ ಎಲ್ಲರಿಗೂ ನ್ಯಾಯವಾಗಿ ಹಂಚುತ್ತದೆ. ಮನೆಯಲ್ಲಿ ಕ್ಯಾಮೆರಾ ಡಿವಿಆರ್ ಇದ್ದರೆ ಅದು ಹೊರಗೆ ಏನು ಕಳಿಸುತ್ತಿದೆ ಎಂದೂ ನೋಡಿ, ಅಪ್‌ಲೋಡನ್ನು ಸದ್ದಿಲ್ಲದೆ ನುಂಗುವುದು ಅದೇ.

ಇನ್ನು ಕರೆಂಟು. ಹೆಸ್ಕಾಂ ಲೈನು ಮಳೆಗಾಲದಲ್ಲಿ ಹೇಗೆ ಅನ್ನುವುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೆಂಗಿನ ಮಡಲು ಒಂದು ಬಿದ್ದರೆ ಕೇರಿ ಕತ್ತಲೆ. ಎನ್100 ಪ್ರೊಸೆಸರಿನ ಮಿನಿ ಪಿಸಿ ಸುಮ್ಮನಿದ್ದಾಗ 8 ವ್ಯಾಟ್ ಆಸುಪಾಸು, ಮೋಡೆಮ್ ರೌಟರ್ ಸೇರಿ ಒಟ್ಟು 25 ವ್ಯಾಟ್ ಎಂದುಕೊಂಡರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯ ನಿಮ್ಮ ಮಿತಿಯ ಅಂಚಿನಲ್ಲಿದ್ದರೆ ಈ 18 ಲೆಕ್ಕಕ್ಕೆ ಬರುತ್ತದೆ. ಮನೆಯ ಇನ್ವರ್ಟರಿಗೆ ಹಾಕಿದರೆ 12 ವೋಲ್ಟ್ 150 ಎಎಚ್ ಬ್ಯಾಟರಿಯ ಅರ್ಧ, ಅಂದರೆ 900 ವ್ಯಾಟ್-ಗಂಟೆ ಬಳಸಬಹುದು. ಇನ್ವರ್ಟರ್ ತಾನೇ 15-20 ವ್ಯಾಟ್ ತಿನ್ನುತ್ತದೆ, ಅದನ್ನೂ ಕೂಡಿಸಿದರೆ ಸುಮಾರು 20 ಗಂಟೆ.

ಇನ್ವರ್ಟರಿನ ಹಿಂದಿರುವ ಗುಂಡಿಯ ಬಗ್ಗೆ ಒಂದು ಮಾತು. ಯುಪಿಎಸ್ ಮೋಡ್‌ನಲ್ಲಿ ಬದಲಾವಣೆ ಚಕ್ಕನೆ ಆಗುತ್ತದೆ, ಆದರೆ ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ಅದು ಮೇನ್ಸ್ ಒಪ್ಪುವುದಿಲ್ಲ. ಮಳೆಗಾಲದ ಮಂದ ವೋಲ್ಟೇಜಿನಲ್ಲಿ ಕರೆಂಟು ಇದ್ದರೂ ಬ್ಯಾಟರಿ ಮೇಲೇ ಓಡಿ ಖಾಲಿಯಾಗುತ್ತದೆ. ಇನ್ನೊಂದು ಮೋಡ್ ಕಡಿಮೆ ವೋಲ್ಟೇಜನ್ನೂ ಒಪ್ಪುತ್ತದೆ, ಬದಲಾಗುವಾಗ ಮೋಡೆಮ್ ರೀಸ್ಟಾರ್ಟ್ ಆಗಿ ಮತ್ತೆ ಲೈನಿಗೆ ಸೇರಲು ಕೆಲವು ನಿಮಿಷ ಹಿಡಿಯುತ್ತದೆ. ಗುಂಡಿಯನ್ನು ಎರಡನೆಯದಕ್ಕೆ ಇಟ್ಟು, ಮೋಡೆಮ್, ರೌಟರ್ ಮುಂದೆ ತಲಾ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಹಾಕುವುದು ಸರಿಯಾದ ಪರಿಹಾರ. ಕೊಳ್ಳುವಾಗ ಅಡಾಪ್ಟರಿನ ವೋಲ್ಟ್, ಆಂಪಿಯರ್, ಪಿನ್ನಿನ ಒಳಗೆ ಪ್ಲಸ್ ಇದೆಯೇ ಎಂಬ ಗುರುತು, ಮೂರನ್ನೂ ಹೋಲಿಸಿ ನೋಡಿ. ಪಿಸಿಯ ಬಯಾಸ್ ಸೆಟ್ಟಿಂಗಿನಲ್ಲಿ ಕರೆಂಟು ಮರಳಿದಾಗ ತಾನೇ ಆನ್ ಆಗುವಂತೆ ಇಡಿ. ಎಸ್‌ಡಿ ಕಾರ್ಡಿನ ಮೇಲೆ ಸರ್ವರ್ ಓಡಿಸಬೇಡಿ, ಹಠಾತ್ ಕರೆಂಟು ಹೋಗಿ ಮೊದಲು ಕೆಡುವುದು ಅದೇ.

ಇಷ್ಟು ಮಾಡಿದರೂ ಕೋಆಕ್ಸ್ ಲೈನಿನಲ್ಲಿ ಒಂದು ಗಂಟು ಉಳಿಯುತ್ತದೆ. ಕಂಬದ ಮೇಲಿನ ಆಂಪ್ಲಿಫೈಯರಿಗೂ ಕರೆಂಟು ಬೇಕು. ಅದಕ್ಕೆ ವಿದ್ಯುತ್ತು ಕೊಟ್ಟಿರುವ ಕಡೆ ಕರೆಂಟು ಹೋದರೆ ನಿಮ್ಮ ಮನೆ ಬೆಳಗುತ್ತಿದ್ದರೂ ನೆಟ್ ಇಲ್ಲ. ಎಲ್ಲಿಂದ ಕೊಟ್ಟಿದ್ದಾರೆ, ಬ್ಯಾಟರಿ ಇದೆಯೇ ಎಂದು ಆಪರೇಟರನ್ನು ಕೇಳಿ ತಿಳಿದುಕೊಳ್ಳಿ. ಬದಲಿಗೆ ರೌಟರಿಗೆ 4ಜಿ ಡಾಂಗಲ್ ಸಿಕ್ಕಿಸಿ, ಕೇಬಲ್ ಹೋದಾಗ ಅದಕ್ಕೆ ದಾಟುವಂತೆ ಮಾಡಿಟ್ಟರೆ ಸರ್ವರ್ ಹೊರಗಿನವರಿಗೆ ಕಾಣುತ್ತಲೇ ಇರುತ್ತದೆ. ಮನೆಯಿಂದಲೇ ಕರೆ ಹೊರಡುವ ವೈರ್‌ಗಾರ್ಡ್‌ಗೆ ಕೆಳಗಿನ ದಾರಿ ಬದಲಾದರೂ ತೊಂದರೆ ಇಲ್ಲ, ಅರ್ಧ ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಸ್ಟ್ಯಾಟಿಕ್ ಐಪಿ ನೆಚ್ಚಿಕೊಂಡವರಿಗೆ ಈ ಅನುಕೂಲ ಇಲ್ಲ.

ಸಿಡಿಲಿನ ಕಾಲ ಏಪ್ರಿಲ್-ಮೇ ಮತ್ತು ಅಕ್ಟೋಬರ್. ಕೋಆಕ್ಸ್ ಎಂದರೆ ಕಂಬದಿಂದ ಮನೆಯೊಳಗಿನ ಯಂತ್ರದವರೆಗೆ ಒಂದೇ ತಾಮ್ರ. ತಂತಿ ಒಳಬರುವಲ್ಲಿ ಗ್ರೌಂಡ್ ಬ್ಲಾಕ್ (ಜಾಲರಿಯನ್ನು ಭೂಮಿಗೆ ಸೇರಿಸುವ ಜೋಡಣೆ) ಹಾಕಿ ಅದನ್ನು ಮನೆಯ ಮೀಟರಿನ ಅರ್ತಿಂಗಿಗೇ ಸೇರಿಸಬೇಕು, ಬೇರೆ ಕಂಬಿ ನೆಟ್ಟರೆ ಎರಡು ಭೂಮಿಗಳ ನಡುವಿನ ವೋಲ್ಟೇಜು ಯಂತ್ರದ ಮೂಲಕವೇ ಹರಿಯುತ್ತದೆ. ಇನ್ನೊಂದು ಉಪಾಯ ಅಗ್ಗವೂ ಹೌದು, ಗಟ್ಟಿಯೂ ಹೌದು: ಮೋಡೆಮ್ ಮತ್ತು ರೌಟರ್ ನಡುವೆ ಲ್ಯಾನ್ ಸಂಕೇತವನ್ನು ಬೆಳಕಾಗಿಸಿ ಮತ್ತೆ ಮರಳಿಸುವ ಒಂದು ಜೋಡಿ ಮೀಡಿಯಾ ಕನ್ವರ್ಟರ್ ಇಟ್ಟು ನಡುವೆ ಒಂದು ಮೀಟರ್ ಫೈಬರ್ ಹಾಕುವುದು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಮೋಡೆಮ್ ಮತ್ತು ಅದರ ಬದಿಯ ಕನ್ವರ್ಟರ್ ಒಂದು ಪ್ಲಗ್ಗಿನಲ್ಲಿ, ರೌಟರ್, ಸರ್ವರ್ ಬೇರೆ ಪ್ಲಗ್ಗಿನಲ್ಲಿ ಇರಲಿ. ಕೋಆಕ್ಸ್‌ನಲ್ಲಿ ಹೊಡೆತ ಬಂದರೆ ಮೋಡೆಮ್ ಹೋಗಬಹುದು, ಡಿಸ್ಕು ಉಳಿಯುತ್ತದೆ. ಗುಡುಗು ಹತ್ತಿರ ಬರುವ ಮೊದಲೇ ಎರಡೂ ಪ್ಲಗ್ ಕಿತ್ತಿಡುವುದಕ್ಕೆ ಸಮನಾದದ್ದು ಯಾವುದೂ ಇಲ್ಲ, ಮನೆಯಲ್ಲಿ ಯಾರಾದರೂ ಇದ್ದರೆ ಅದನ್ನೇ ಮಾಡಿಸಿ.

ತೇವ, ಉಪ್ಪು, ಇರುವೆ. ಫ್ಯಾನ್ ಇಲ್ಲದ ಯಂತ್ರ ಕೊಂಡರೆ ಉಪ್ಪುಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುವುದಿಲ್ಲ. ಸದಾ ಓಡುತ್ತ ಬೆಚ್ಚಗಿರುವ ಯಂತ್ರಕ್ಕೆ ಜುಲೈ ತಿಂಗಳ ತೇವ ಏನೂ ಮಾಡದು. ವಾರಗಟ್ಟಲೆ ಆಫ್ ಮಾಡಿಟ್ಟದ್ದಕ್ಕೇ ಬೂಸ್ಟು ಹಿಡಿಯುವುದು. ನೆಲದಿಂದ ನಾಲ್ಕಡಿ ಮೇಲೆ, ಸಮುದ್ರದ ಕಡೆಯ ಕಿಟಕಿಗೆ ದೂರ, ಹೊರಗೋಡೆಗೆ ತಾಗದಂತೆ ಇಡಿ. ಖಾಲಿ ಇರುವ ಲ್ಯಾನ್ ಕಿಂಡಿಗಳಿಗೆ ರಬ್ಬರ್ ಮುಚ್ಚಳ ಹಾಕಿ.

ಯಾವಾಗ ನಿಂತಿತು ಎಂದು ಗೊತ್ತಾಗಬೇಕಾದರೆ ಕಾವಲು ಮನೆಯ ಹೊರಗಿರಬೇಕು. ವಿಪಿಎಸ್‌ನಲ್ಲಿ ಅಪ್‌ಟೈಮ್ ಕುಮಾ ಎಂಬ ಕಾವಲು ತಂತ್ರಾಂಶ ಹಾಕಿ ನಿಮಿಷಕ್ಕೊಮ್ಮೆ ಮನೆಯ ಸರ್ವರನ್ನು ಮಾತಾಡಿಸುವಂತೆ ಇಟ್ಟರೆ ಸಮಯಗಳ ಪಟ್ಟಿ ತಾನೇ ಬೆಳೆಯುತ್ತದೆ. ಆ ಪಟ್ಟಿಯೇ ರೋಗ ಹೇಳುತ್ತದೆ. ಮಳೆ ಶುರುವಾದಾಗೆಲ್ಲ ಕಡಿದರೆ ಕನೆಕ್ಟರಿನಲ್ಲಿ ನೀರು. ಮಟಮಟ ಮಧ್ಯಾಹ್ನ ಕಡಿದು ಸಂಜೆ ತಾನೇ ಸರಿಯಾದರೆ ಬಿಸಿಲಿಗೆ ಹಿಗ್ಗಿದ ಸಡಿಲ ಜಾಯಿಂಟ್. ಕೇರಿಯ ಕರೆಂಟಿನ ಜೊತೆ ಹೋಗಿ ಬಂದರೆ ಆಂಪ್ಲಿಫೈಯರ್. ದಿನಾ ರಾತ್ರಿ ಎಂಟರ ನಂತರ ಕಡಿಯದೆ ನಿಧಾನವಾದರೆ ದಟ್ಟಣೆ. ಅದಕ್ಕೆ ಲೈನ್‌ಮನ್‌ರನ್ನು ಕಂಬ ಹತ್ತಿಸಿ ಪ್ರಯೋಜನ ಇಲ್ಲ, ಆಪರೇಟರ್ ಕಚೇರಿಗೇ ಹೋಗಿ ಕೇಳಬೇಕು.

ಭದ್ರತೆಯಲ್ಲಿ ಹೇಳುವುದು ಸ್ವಲ್ಪ. ಎಸ್‌ಎಸ್‌ಎಚ್ ಕೀಲಿಯಿಂದ ಮಾತ್ರ, ಪಾಸ್‌ವರ್ಡ್ ಬಂದ್. ಆಡಳಿತದ ಪುಟಗಳು ವೈರ್‌ಗಾರ್ಡ್ ಒಳಗಿನಿಂದಷ್ಟೇ ತೆರೆಯಲಿ. ಮನೆಯ ಯಂತ್ರಗಳು ತಾವಾಗಿ ಪೋರ್ಟ್ ತೆರೆಸಿಕೊಳ್ಳುವ ಯುಪಿಎನ್‌ಪಿ ರೌಟರಿನಲ್ಲಿ ಬಂದ್. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್‌ನಲ್ಲಿ ಭದ್ರತೆಯ ಅಪ್‌ಡೇಟುಗಳು ತಾವಾಗಿ ಬೀಳುವಂತೆ ಇಡಿ.

ಕೊನೆಯದು ಇನ್ನೊಂದು ಪ್ರತಿ. ಕಡಲ ಬದಿಯ ಒಂದೇ ಮನೆಯಲ್ಲಿ ಒಂದೇ ಡಿಸ್ಕಿನಲ್ಲಿ ನಾಲ್ಕು ತಲೆಮಾರಿನ ಫೋಟೊ ಇಡುವುದು ಆಗದ ಮಾತು. ಎರಡನೆಯ ಪ್ರತಿ ಶಿರಸಿಯಲ್ಲಿ ಅಕ್ಕನ ಮನೆಯಲ್ಲಿದೆ. ಘಟ್ಟದ ಮೇಲೆ ಉಪ್ಪುಗಾಳಿ ಇಲ್ಲ. 500 ಜಿಬಿಯನ್ನು 5 ಎಂಬಿಪಿಎಸ್‌ನಲ್ಲಿ ಕಳಿಸಲು 220 ಗಂಟೆ, ಅಂದರೆ ಒಂಬತ್ತು ದಿನ ಬಿಡದೆ ಓಡಬೇಕು. ಹಾಗಾಗಿ ಮೊದಲ ಪ್ರತಿಯನ್ನು ಇಲ್ಲೇ ಡಿಸ್ಕಿಗೆ ಮಾಡಿ ಬಸ್ಸಿನಲ್ಲಿ ಒಯ್ಯುವುದೇ ಸರಿ. ಆಮೇಲೆ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಪ್ರತಿ ರಾತ್ರಿ ಒಂದರಿಂದ ಐದರೊಳಗೆ ಹೊಸದನ್ನಷ್ಟೇ ಕಳಿಸುತ್ತದೆ, ವೇಗಕ್ಕೆ ಸೆಕೆಂಡಿಗೆ 400 ಕಿಬಿ (ಕಿಬಿಬೈಟ್) ಮಿತಿ ಹಾಕಿದೆ. ಶಿರಸಿಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದುಂಟು. ಅರ್ಧಕ್ಕೆ ಕಡಿದರೆ ರೆಸ್ಟಿಕ್ ತಾನು ಹಾಕಿದ ಬೀಗ ಹಾಗೇ ಬಿಟ್ಟಿರಬಹುದು, ಅದು ಅಡ್ಡ ಬಂದರೆ ಅನ್‌ಲಾಕ್ ಆಜ್ಞೆ ಕೊಟ್ಟು ಮುಂದುವರಿಸಬೇಕು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಅಲ್ಲಿಂದ ಒಂದು ವರ್ಷದ ಫೋಟೊಗಳನ್ನು ಬೇರೆ ಕಂಪ್ಯೂಟರಿಗೆ ಮರಳಿ ತೆಗೆದು ತೆರೆದು ನೋಡುತ್ತೇವೆ. ರೆಸ್ಟಿಕ್ ಪಾಸ್‌ವರ್ಡ್ ಇಲ್ಲದೆ ಆ ಡಿಸ್ಕಿನಿಂದ ಒಂದು ಅಕ್ಷರವೂ ಹೊರಬರುವುದಿಲ್ಲ, ಸರ್ವರಿನಲ್ಲೇ ಬರೆದಿಟ್ಟರೆ ಸರ್ವರಿನ ಜೊತೆ ಅದೂ ಹೋಗುತ್ತದೆ. ಅದನ್ನು ಕಾಗದದಲ್ಲಿ ಬರೆದು ಅಕ್ಕನ ಮನೆಯ ಕಪಾಟಿನಲ್ಲಿ ಜಮೀನಿನ ಕಾಗದಗಳ ಜೊತೆ ಇಟ್ಟಿದೆ, ಇನ್ನೊಂದು ಪ್ರತಿ ಮುಂಬೈಯ ಅಣ್ಣನ ಹತ್ತಿರ.